ಚನ್ನಾಜಮ್ಮನವರ ಎರಡನೇ ಆಷಾಢ

ನಂಜನಗೂಡಿನ ಬಜಾರು ಬೀದಿಯಲ್ಲಿ ಚನ್ನಾಜಮ್ಮನವರ ದಿನಸಿ ಅಂಗಡಿ ಎಲ್ಲಿದೆ ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಬೀದಿಯ ತುದಿಗೆ ಬಂದು ನಿಂತರೆ ಸಾಕು, ಅವರ ದನಿಯೇ ದಾರಿ ತೋರಿಸುತ್ತಿತ್ತು. ಗಂಡ ತೀರಿಕೊಂಡಾಗ ಮಗ ಅಮೃತೇಶನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಹೆಂಗಸು ಅಂಗಡಿಯಲ್ಲಿ ಕೂರುವುದುಂಟೇ, ಯಾರಿಗಾದರೂ ಬಾಡಿಗೆಗೆ ಕೊಟ್ಟುಬಿಡು ಎಂದು ಬುದ್ಧಿ ಹೇಳಲು ಬಂದ ನೆಂಟರಿಗೆಲ್ಲ ಕಾಫಿ ಕೊಟ್ಟು ಸಾಗಹಾಕಿ, ಶಿವಗಣಾರಾಧನೆ ಮುಗಿದ ಮಾರನೆಯ ದಿನವೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಕ್ಕಡಿಯ ಮುಂದೆ ಕೂತವರು ಅವರು. ಅಂದಿನಿಂದ ಮನೆಯ ಮತ್ತು ಅದರ ಮಗ್ಗುಲಿನ ಅಂಗಡಿಯ ಬೀಗದ ಕೈ ಗೊಂಚಲು ಅವರ ಸೊಂಟ ಬಿಟ್ಟು ಇಳಿದದ್ದಿಲ್ಲ. ಅವರು ಊರು ಬಿಟ್ಟು ಹೊರಗೆ ತಂಗಿದ್ದೂ ಇಲ್ಲ.

ಇಂಥ ಗಟ್ಟಿಗಿತ್ತಿ ಹೆದರುತ್ತಿದ್ದದ್ದು ಪಂಚಾಂಗಕ್ಕೆ ಮಾತ್ರ. ರಾಹುಕಾಲದಲ್ಲಿ ಹೊಸ ಮೂಟೆ ಬಿಚ್ಚುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಯಾರು ಬಂದು ಗೋಗರೆದರೂ ಉಪ್ಪು ಕೊಡುತ್ತಿರಲಿಲ್ಲ. ಮೈಸೂರಿನ ಸಂತೇಪೇಟೆಯಿಂದ ಮಾಲು ತರಲು ಹೊರಟ ಮಗನನ್ನು, ದಿನ ಚೆನ್ನಾಗಿಲ್ಲವೆಂದು ನೆನಪಾಗಿ, ಬಸ್‌ಸ್ಟ್ಯಾಂಡಿನಿಂದ ವಾಪಸು ಕರೆಸಿದ್ದುಂಟು. ಅವರ ಲೆಕ್ಕದಲ್ಲಿ ವರ್ಷಕ್ಕೆ ಒಳ್ಳೆಯ ದಿನಗಳೇ ಕಡಿಮೆ, ಅದರಲ್ಲಿ ಆಷಾಢವೆಂದರೆ ತಿಂಗಳಿಗೆ ತಿಂಗಳೇ ಹೋಯಿತು. ಹೊಸದೇನನ್ನೂ ಶುರು ಮಾಡಕೂಡದು. ಮದುವೆಯಾದ ಮೊದಲ ವರ್ಷವಂತೂ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಕೂಡದು, ಒಬ್ಬರ ಮುಖ ಒಬ್ಬರು ನೋಡಕೂಡದು. ಸೊಸೆ ತಿಂಗಳ ಮಟ್ಟಿಗೆ ತವರಿಗೆ ಹೋಗಬೇಕು, ಶ್ರಾವಣ ಹುಟ್ಟಿದ ಮೇಲೆ ಗಂಡನ ಮನೆಯವರು ಹೋಗಿ ಕರೆದುಕೊಂಡು ಬರಬೇಕು. ಆ ಸೀಮೆಯಲ್ಲೆಲ್ಲ ನಡೆದು ಬಂದದ್ದೇ ಇದು. ಆದರೆ ಚನ್ನಾಜಮ್ಮನವರಿಗೆ ಆಷಾಢ ಎಂದರೆ ನೆನಪಾಗುತ್ತಿದ್ದದ್ದು ಒಂದು ಜಗಲಿ.

ಅವರ ತವರು ಹದಿನಾರು ಎಂಬ ಹಳ್ಳಿ. ನಂಜನಗೂಡಿನಿಂದ ಬಸ್ಸು ಹತ್ತಿದರೆ ಸರಿಯಾಗಿ ಒಂದು ತೂಕಡಿಕೆ ಬರುವುದರೊಳಗೆ ಸಿಗುವ ಊರು. ಚನ್ನಾಜಮ್ಮನವರಿಗೆ ತಾಯಿ ಇರಲಿಲ್ಲ. ಮದುವೆಯಾದ ವರ್ಷ ಆಷಾಢ ಹುಟ್ಟಿದಾಗ ಕರೆದೊಯ್ಯಲು ಬರಬೇಕಾಗಿದ್ದವನು ಅಣ್ಣ ದೊಡ್ಡಸಿದ್ದಯ್ಯ. ಆತ ಬರಲಿಲ್ಲ. ನಾಲೆಗೆ ನೀರು ಬಿಟ್ಟಿದ್ದರು, ಗದ್ದೆ ಕೆಲಸ ಮೈಮೇಲೆ ಬಿದ್ದಿತ್ತು, ನಾಳೆ ಹೋದರಾಯಿತು ನಾಡಿದ್ದು ಹೋದರಾಯಿತು ಎಂದುಕೊಂಡೇ ತಿಂಗಳು ಕಳೆದುಬಿಟ್ಟ. ಇತ್ತ ಅತ್ತೆ ಒಂದೇ ಸೂರಿನಡಿ ಇಟ್ಟುಕೊಳ್ಳುವಂತಿರಲಿಲ್ಲ. ಎದುರು ಮನೆಯವರನ್ನು ಕೇಳಿ ಅವರ ಜಗಲಿಯಲ್ಲಿ ಒಂದು ಚಾಪೆ ಹಾಸಿಸಿಕೊಟ್ಟರು. ಇನ್ನೂ ಲಂಗ ದಾವಣಿಯ ನೆನಪು ಮಾಸದ ಹುಡುಗಿ ಆ ಜಗಲಿಯ ಮೇಲೆ ಕೂತು, ಎದುರಿಗಿದ್ದ ಗಂಡನ ಮನೆಯ ಬಾಗಿಲನ್ನೊಮ್ಮೆ, ಹದಿನಾರಿನ ಕಡೆಯಿಂದ ಯಾರಾದರೂ ಬಂದರಾ ಎಂದು ಬೀದಿಯ ತುದಿಯನ್ನೊಮ್ಮೆ ನೋಡುತ್ತ ದಿನ ತಳ್ಳಿದಳು. ಅನ್ನಕ್ಕೇನೂ ಕಡಿಮೆಯಾಗಲಿಲ್ಲ, ಆದರೆ ಪ್ರತಿ ತುತ್ತೂ ಬೇರೆಯವರು ಬಡಿಸಿದ್ದು. ಬೀದಿಯಲ್ಲಿ ಹೋಗಿಬರುವವರೆಲ್ಲ ನಿಂತು, ತವರಿನವರು ಇನ್ನೂ ಬರಲಿಲ್ಲವಾ ಎಂದು ವಿಚಾರಿಸಿಕೊಂಡೇ ಮುಂದೆ ಹೋಗುತ್ತಿದ್ದರು. ಶ್ರಾವಣದಲ್ಲಿ ಬೀದಿ ದಾಟಿ ಮನೆಯೊಳಕ್ಕೆ ಬಂದ ಮೇಲೆ ಚನ್ನಾಜಮ್ಮ ಹದಿನಾರಿಗೆ ಹೋದದ್ದೆಲ್ಲ ಮದುವೆಗೋ ಸಾವಿಗೋ ಅಷ್ಟೆ. ಹೋದರೂ ಮುಂದಿನ ಬಸ್ಸಿಗೇ ವಾಪಸು ಬರುತ್ತಿದ್ದರು.

ತೊಂಬತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಅಮೃತೇಶನಿಗೆ ಹೆಣ್ಣು ಗೊತ್ತಾಯಿತು. ಮುಡುಕುತೊರೆಯ ಮಗ್ಗುಲಿನ ಹಳ್ಳಿಯ ಪುಟ್ಟಬಸವಯ್ಯನವರ ಮಗಳು ನಯನ. ಬೆಳಗಿನ ಬಸ್ಸು ಹಿಡಿದು ಟಿ. ನರಸೀಪುರದ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದಳು. ಪುಟ್ಟಬಸವಯ್ಯ ಭತ್ತ, ಕಬ್ಬು ಬೆಳೆದುಕೊಂಡು ತನ್ನ ಪಾಡಿಗೆ ತಾನಿದ್ದ ಮನುಷ್ಯ, ಹತ್ತು ಮಾತು ಕೇಳಿದರೆ ಒಂದು ಆಡುವವರು. ವೀಳ್ಯಶಾಸ್ತ್ರದ ದಿನ ಎಲ್ಲದಕ್ಕೂ ತಲೆಯಾಡಿಸಿದವರು, ಎಲೆ ಅಡಿಕೆಯ ತಟ್ಟೆ ಬದಲಾಯಿಸುವ ಹೊತ್ತಿಗೆ ಅದನ್ನು ಕೊಡದೆ ಕೈಯಲ್ಲೇ ಹಿಡಿದು ನಿಂತುಬಿಟ್ಟರು.

"ಒಂದೇ ಒಂದು ಮಾತು ಬೀಗಿತ್ತಿಯವ್ರೇ. ಮಗೀನ ಓದು ನಿಲ್ಲುಸ್ಬೇಡಿ. ಇನ್ನೆರಡು ವರ್ಸ ಅಷ್ಟೆಯ."

ನೆರೆದವರು ಮುಖ ಮುಖ ನೋಡಿಕೊಂಡರು. ಚನ್ನಾಜಮ್ಮ ಕೈ ಚಾಚಿ ತಟ್ಟೆಯ ಇನ್ನೊಂದು ಅಂಚನ್ನು ಹಿಡಿದರು.

"ನಮ್ಮೂರಲ್ಲೇ ಕಾಲೇಜದೆ. ಎಲೆ ಮೇಲೆ ಕೈ ಮಡಗಿ ಏಳ್ತಾ ಇವ್ನಿ, ಓದುಸ್ತೀನಿ. ಕೊಡಿ ಇತ್ತಾಗೆ."

ಮದುವೆಯಾಯಿತು. ಫಲಿತಾಂಶ ಬಂತು, ಹುಡುಗಿ ಚೆನ್ನಾಗಿಯೇ ಪಾಸಾಗಿದ್ದಳು. ಇನ್ನು ಉಳಿದದ್ದು ಕಾಲೇಜು ಬದಲಾಯಿಸುವ ಕೆಲಸ. ನಂಜನಗೂಡಿನ ಕಾಲೇಜಿನಲ್ಲಿ ವಿಚಾರಿಸಿದರೆ ಅವಳು ತೆಗೆದುಕೊಂಡಿದ್ದ ವಿಷಯಗಳಿಗೆ ಎರಡನೆಯ ವರ್ಷದ ಸೀಟುಗಳೆಲ್ಲ ಭರ್ತಿಯಾಗಿದ್ದವು. ವಿಶ್ವವಿದ್ಯಾನಿಲಯದವರು ಅನುಮತಿ ಕೊಟ್ಟರೆ ಒಂದು ಸೀಟು ಹೆಚ್ಚಿಗೆ ಮಾಡಿಕೊಂಡು ಸೇರಿಸಿಕೊಳ್ಳಬಹುದು ಎಂದು ಪ್ರಿನ್ಸಿಪಾಲರು ಅರ್ಜಿಯನ್ನು ಮೈಸೂರಿಗೆ ಕಳಿಸಿದರು. ಅನುಮತಿ ಕೈಗೆ ಬರುವ ತನಕ ಹಳೆಯ ಕಾಲೇಜಿನಿಂದ ಟಿ.ಸಿ. ತೆಗೆಸಬೇಡಿ, ಹೆಸರು ಅಲ್ಲೇ ಇರಲಿ ಎಂದೂ ಹೇಳಿದರು. ಕಾಲೇಜಿನ ಗುಮಾಸ್ತ ರಾಚಯ್ಯ ಚನ್ನಾಜಮ್ಮನವರ ಅಂಗಡಿಯ ಹಳೆಯ ಗಿರಾಕಿ. ಆತ ಹೊರಗೆ ಬಂದು ಅದನ್ನೇ ಇನ್ನೊಂದು ಸಲ ಬಿಡಿಸಿ ಹೇಳಿದ.

ಚನ್ನಾಜಮ್ಮ ಎಲ್ಲವನ್ನೂ ಕೇಳಿಸಿಕೊಂಡರು, ಆಮೇಲೆ ಮನೆಗೆ ಬಂದು ಪಂಚಾಂಗ ತೆಗೆದರು. ಆಷಾಢ ಬಾಗಿಲಲ್ಲೇ ನಿಂತಿತ್ತು. ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಸೇರುವುದೆಂದರೆ ಅವರ ಪಾಲಿಗೆ ಮನೆ ಬದಲಾಯಿಸಿದ ಹಾಗೆ. ಹಾಲುಕ್ಕಿಸುವುದು ತಡವಾದರೂ ಹಳೇ ಮನೆ ಬಿಡುವ ಘಳಿಗೆ ಚೆನ್ನಾಗಿರಬೇಕು. ಆಷಾಢದಲ್ಲಿ ಟಿ.ಸಿ. ತೆಗೆಸಿದರೆ ಹುಡುಗಿಯ ಓದಿಗೆ ಏಳಿಗೆಯಾದೀತೇ? ಮಠದ ಅಯ್ಯನವರನ್ನು ಕೇಳಿ, ಜ್ಯೇಷ್ಠ ಮುಗಿಯುವುದರೊಳಗೆ ಒಂದು ಒಳ್ಳೆಯ ದಿನ ಗೊತ್ತು ಮಾಡಿಸಿಕೊಂಡು, ಮಗ ಸೊಸೆಯನ್ನು ಹೊರಡಿಸಿಕೊಂಡು ತಾವೇ ಟಿ. ನರಸೀಪುರಕ್ಕೆ ಹೋದರು. ಅಲ್ಲಿನ ಪ್ರಿನ್ಸಿಪಾಲರೂ ಬೇಡವೆಂದರು. ಅನುಮತಿ ಬರದಿದ್ದರೆ ಹುಡುಗಿ ಎರಡೂ ಕಡೆ ಇಲ್ಲದವಳಾಗುತ್ತಾಳೆ, ಒಂದು ಸಲ ಟಿ.ಸಿ. ಕೊಟ್ಟರೆ ಇಲ್ಲಿನ ಸೀಟು ಕಾಯುವುದಿಲ್ಲ ಎಂದು ಸಮಾಧಾನವಾಗಿಯೇ ತಿಳಿಸಿದರು.

"ಬರ್ದೆ ಎಲ್ಲೋದದು ಸಾ, ಬತ್ತದೆ," ಎಂದರು ಚನ್ನಾಜಮ್ಮ. "ಆಸಾಡ ಬಂದ್ರೆ ಮುಟ್ಟಂಗಿಲ್ಲ. ಇವತ್ತು ದಿನ ಚೆನ್ನಾಗದೆ, ರುಜು ಆಕ್ಬುಡಿ."

ನಯನ ಏನೋ ಹೇಳಲು ಬಾಯಿ ತೆರೆದಳು. ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ, ಅತ್ತೆಯ ಮಾತಿಗೆ ಎದುರಾಡುವುದು ಹೇಗೆ ಎಂದು ಮತ್ತೆ ಮುಚ್ಚಿಕೊಂಡಳು. ಅಮೃತೇಶ ಗೋಡೆಯ ಮೇಲಿನ ಗಡಿಯಾರ ನೋಡಿದ. ಪ್ರಿನ್ಸಿಪಾಲರು ರುಜು ಹಾಕಿದರು. ಚನ್ನಾಜಮ್ಮ ಟಿ.ಸಿ.ಯನ್ನು ಅಗಸ್ತ್ಯೇಶ್ವರನ ಸನ್ನಿಧಿಯಲ್ಲಿಟ್ಟು, ಪೂಜೆ ಮಾಡಿಸಿ, ಗೆದ್ದವರ ಹಾಗೆ ಬಸ್ಸು ಹತ್ತಿದರು.

ವಾರ ಕಳೆಯುವುದರೊಳಗೆ ಆ ಸೀಟಿಗೆ ಬೇರೊಂದು ಹುಡುಗಿ ಸೇರಿದ ಸುದ್ದಿ ಬಂತು. ಮೈಸೂರಿನಿಂದ ಹಾ ಇಲ್ಲ ಹೂ ಇಲ್ಲ. ಎರಡೂ ಊರುಗಳಲ್ಲಿ ಪಾಠ ಶುರುವಾದವು, ಯಾವ ಊರಿನ ಹಾಜರಿಯಲ್ಲೂ ನಯನಳ ಹೆಸರಿರಲಿಲ್ಲ. ಅನುಮತಿ ಸಿಗದೆ ಹೋದರೆ ಅವಳ ಓದು ಅಲ್ಲಿಗೇ ಮುಗಿದಂತೆ. ಬರುವ ವರ್ಷ ನೋಡೋಣ ಎನ್ನಬಹುದು. ಆದರೆ ಬರುವ ವರ್ಷದ ಹೊತ್ತಿಗೆ ತೊಟ್ಟಿಲು ಕಟ್ಟಿ, ಕೂಸನ್ನು ಬಿಟ್ಟು ಕಾಲೇಜಿಗೆ ಹೋದ ಸೊಸೆಯರನ್ನು ಆ ಬೀದಿ ಅಲ್ಲಿಯವರೆಗೆ ಕಂಡಿರಲಿಲ್ಲ.

ಆಷಾಢ ಹುಟ್ಟುವ ಹಿಂದಿನ ದಿನ ಪುಟ್ಟಬಸವಯ್ಯ ಮಗಳನ್ನು ಕರೆದೊಯ್ಯಲು ಬಂದರು. ಅವರು ರೇಗಬಹುದು, ಒಂದು ಮಾತಾದರೂ ಆಡಬಹುದು ಎಂದು ಚನ್ನಾಜಮ್ಮ ಬೆಳಗಿನಿಂದ ಉತ್ತರ ಸಿದ್ಧ ಮಾಡಿಕೊಂಡಿದ್ದರು. ಆತ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಹೊರಡುವಾಗ ಅಂದದ್ದು ಇಷ್ಟೇ: "ಬಂದ್ರೆ ಬತ್ತದೆ ಬುಡಿ ಬೀಗಿತ್ತಿಯವ್ರೇ. ಓದಕ್ಕೂ ರುಣ ಇರ್ಬೇಕು." ಅಪ್ಪ ಮಗಳು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಚನ್ನಾಜಮ್ಮ ಬಾಗಿಲಲ್ಲೇ ನಿಂತಿದ್ದರು.

ಆಮೇಲೆ ಕಾಯುವುದು ಶುರುವಾಯಿತು. ತಾನು ಕಾಯುತ್ತಿದ್ದೇನೆ ಎಂದು ಒಪ್ಪಿಕೊಳ್ಳುವ ಪೈಕಿ ಅಲ್ಲ ಅವರು. ದೇವಸ್ಥಾನಕ್ಕೆ ಹೋಗಿಬರುತ್ತೇನೆ ಎಂದು ಹೊರಟು ಕಾಲೇಜಿನ ಹಾದಿ ಹಿಡಿಯುತ್ತಿದ್ದರು. ದೇವಸ್ಥಾನ ಒಂದು ದಿಕ್ಕಿಗೆ, ಕಾಲೇಜು ಇನ್ನೊಂದು ದಿಕ್ಕಿಗೆ. ಗೇಟಿನ ಹತ್ತಿರ ರಾಚಯ್ಯನನ್ನು ತಡೆದು ನಿಲ್ಲಿಸಿ, ಮೊದಲು ಅವನ ಮನೆಯವರ ಆರೋಗ್ಯ, ಆಮೇಲೆ ಮಳೆಯ ವಿಚಾರ, ಕಡೆಗೆ ಏನೋ ನೆನಪಾದವರಂತೆ, ಮೈಸೂರಿಂದ ಏನಾದರೂ ಬಂತಾ ಎಂದು ಕೇಳುತ್ತಿದ್ದರು. ರಾಚಯ್ಯ ಮೆತ್ತನೆಯ ಸ್ವಭಾವದವನು. ಇಲ್ಲ ಎಂದು ಹೇಳಿ ಹೇಳಿ ಅವನಿಗೇ ಸಂಕಟವಾಯಿತು. ಬಜಾರು ಬೀದಿ ಬಿಟ್ಟು ಹಿಂದಿನ ಸಂದಿಯಲ್ಲಿ ಸೈಕಲ್ಲು ತಳ್ಳಿಕೊಂಡು ಹೋಗತೊಡಗಿದ. ಸಕ್ಕರೆ ಬೇಳೆಯನ್ನೂ ಬೇರೆ ಅಂಗಡಿಯಿಂದ ಕಟ್ಟಿಸುತ್ತಿದ್ದಾನೆ ಎಂದು ಚನ್ನಾಜಮ್ಮನವರಿಗೆ ಗೊತ್ತಾಯಿತು. ಬೇರೆ ಕಾಲವಾಗಿದ್ದರೆ ಅವನಿಗೆ ಗ್ರಹಚಾರ ಬಿಡಿಸುತ್ತಿದ್ದರು. ಈಗ ಸುಮ್ಮನಿದ್ದರು.

ಅಂಗಡಿಯಲ್ಲೂ ಅವರ ಗಮನವಿರಲಿಲ್ಲ. ರವೆ ಕೇಳಿದವರಿಗೆ ಸಕ್ಕರೆ ಕಟ್ಟಿದರು. ಎಣ್ಣೆ ಅಳೆಯುತ್ತ ಅಳೆಯುತ್ತ ಕೈ ನಿಂತು, ಗಿರಾಕಿಯೇ ಎಚ್ಚರಿಸಬೇಕಾಯಿತು. ಅವರ ದನಿ ಇಲ್ಲದೆ ಬೀದಿ ಬಿಕೋ ಎನ್ನುತ್ತಿದೆ ಎಂದು ಎದುರು ಮನೆಯ ಚಾಮುಂಡಮ್ಮ ಅಮೃತೇಶನ ಹತ್ತಿರ ಹೇಳಿಕೊಂಡರು.

ಈ ನಡುವೆ ಅಮೃತೇಶನಿಗೆ ಬೆಲ್ಲದ ಚಿಂತೆ ಹತ್ತಿಕೊಂಡಿತು. ಬನ್ನೂರಿನ ಕಡೆ ಆಲೆಮನೆ ಬೆಲ್ಲ ಚೆನ್ನಾಗಿದೆಯಂತೆ ಎಂದು ವಾರದಲ್ಲಿ ಎರಡು ಸಲ ಹೊರಡುತ್ತಿದ್ದ. ಹೋದವನು ಅಚ್ಚು ಬೆಲ್ಲ ತರುತ್ತಿದ್ದದ್ದು ನಿಜ, ಆದರೆ ಅಂಗಿಯ ತುಂಬ ಮುಡುಕುತೊರೆಯ ಕಡೆಯ ಕೆಂಪು ಧೂಳು ತುಂಬಿಕೊಂಡು ಬರುತ್ತಿದ್ದ. ಆಷಾಢದಲ್ಲಿ ಅಳಿಯ ಮಾವನ ಮನೆಯ ಕಡೆ ತಲೆ ಹಾಕಬಾರದು. ಚನ್ನಾಜಮ್ಮ ಧೂಳನ್ನು ನೋಡಿದರೂ ನೋಡದವರಂತೆ ಇದ್ದರು, ಏಕೆಂದರೆ ಅವರಿಗೂ ಸುದ್ದಿ ಬೇಕಾಗಿತ್ತು. ಒಂದು ಸಲ ಬಂದವನು ಬೆಲ್ಲದ ಗೋಣಿ ಇಳಿಸಿ, ಅಲ್ಲೇ ಕೂತುಬಿಟ್ಟ. ಏನು ಎಂದು ಕೇಳಿದರು.

ನಯನ ಈಗಲೂ ದಿನಾ ಬೆಳಿಗ್ಗೆ ಮಿಂದು, ಜಡೆ ಹಾಕಿಕೊಂಡು, ಕಾಲೇಜಿನ ಬಸ್ಸು ಬರುವ ಹೊತ್ತಿಗೆ ಊರ ಮುಂದಿನ ಬಸ್‌ಸ್ಟಾಪಿಗೆ ಹೋಗುತ್ತಾಳಂತೆ. ಜೊತೆಯವರೆಲ್ಲ ಹತ್ತಿಕೊಂಡು ಬಸ್ಸು ಹೋದ ಮೇಲೆ ಮನೆಗೆ ವಾಪಸು ಬರುತ್ತಾಳಂತೆ. ಯಾಕೆ ಹೋಗ್ತೀಯ ಎಂದರೆ, ಸುಮ್ಮನೆ, ಅಭ್ಯಾಸ ಅಂತಾಳಂತೆ.

ದಾರಿ ನೋಡುತ್ತ ನಿಲ್ಲುವುದು ಏನೆಂದು ಚನ್ನಾಜಮ್ಮನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗನ ಕಡೆ ತಿರುಗದೆಯೇ ಅಂದರು:

"ನನ್ನಿಂದ್ಲೇ ಆಯ್ತು ಕಣಪ್ಪ. ಇಬ್ರು ಪ್ರಿನ್ಸಿಪಾಲ್ರು ಏಳುದ್ರೂ ಕೇಳ್ನಿಲ್ಲ ನಾನು."

ಅಮೃತೇಶ ಹುಟ್ಟಿದಾಗಿನಿಂದ ಅವ್ವನ ಬಾಯಲ್ಲಿ ಇಂಥ ಮಾತು ಕೇಳಿದವನಲ್ಲ. ಎದ್ದು ಬೆಲ್ಲದ ಗೋಣಿಯನ್ನು ಇಲ್ಲಿಂದ ತೆಗೆದು ಅಲ್ಲಿಟ್ಟ.

ಆಷಾಢ ಅರ್ಧಕ್ಕೆ ಬಂದಿತ್ತು. ಒಂದು ಮಧ್ಯಾಹ್ನ ಚನ್ನಾಜಮ್ಮ ತೊಗರಿಬೇಳೆ ತೂಗುತ್ತಿದ್ದಾಗ, ಬಜಾರು ಬೀದಿಯ ನಟ್ಟನಡುವೆ, ಸಂದಿ ಗೊಂದಿ ಬಿಟ್ಟು, ನೆಟ್ಟಗೆ ಅಂಗಡಿಯ ಕಡೆಗೇ ಸೈಕಲ್ಲು ತುಳಿದುಕೊಂಡು ಬರುತ್ತಿದ್ದ ರಾಚಯ್ಯ ಕಂಡ. ಅವನು ಬಾಯಿ ತೆರೆಯುವ ಮೊದಲೇ ಅವರಿಗೆ ಗೊತ್ತಾಯಿತು. ಆದರೂ ಕೇಳಿಸಿಕೊಳ್ಳುವ ತನಕ ತಕ್ಕಡಿಯನ್ನು ಎತ್ತಿದ ಕೈ ಎತ್ತಿದಂತೆಯೇ ಇತ್ತು.

"ಬಂತು ಕಣಮ್ಮ. ಸೇರುಸ್ಕೊಳ್ಳಿ ಅಂತ ಬರ್ದವ್ರೆ."

ಚನ್ನಾಜಮ್ಮ ತಕ್ಕಡಿ ಕೆಳಗಿಟ್ಟರು. ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಗೆ ಕೈ ಹಾಕಿ ಸಿಕ್ಕಷ್ಟು ಕಲ್ಲುಸಕ್ಕರೆ ತೆಗೆದು ಅವನ ಬೊಗಸೆಗೆ ಸುರಿದರು. ಬೇಳೆಗೆ ನಿಂತಿದ್ದ ಹೆಂಗಸಿಗೂ ಸುರಿದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಳ್ಳೆಯದಾಯಿತು, ಆಷಾಢ ಮುಗಿಯುತ್ತಲೇ ಕರೆಸಿ ಸೇರಿಸುತ್ತೇನೆ ಎಂದರು. ರಾಚಯ್ಯನ ಬಾಯಲ್ಲಿ ಕಲ್ಲುಸಕ್ಕರೆ ಹಾಗೇ ನಿಂತಿತು. ಅಷ್ಟು ದಿನ ಆಗುವುದಿಲ್ಲ. ಈ ವಾರದೊಳಗೆ ಅಡ್ಮಿಷನ್ ಆಗಬೇಕು, ಮಾರನೆಯ ದಿನದಿಂದಲೇ ತರಗತಿಗೆ ಬರಬೇಕು. ಹಾಜರಿ ಈಗಾಗಲೇ ಕಡಿಮೆ ಬಿದ್ದಿದೆ, ಪ್ರಾಕ್ಟಿಕಲ್ಲುಗಳು ತಪ್ಪಿವೆ, ಇನ್ನೂ ತಪ್ಪಿದರೆ ಪರೀಕ್ಷೆಗೆ ಕೂರಿಸುವ ಹಾಗಿಲ್ಲ ಎಂದು ಪ್ರಿನ್ಸಿಪಾಲರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಬಿಡುವ ಘಳಿಗೆಯಂತೂ ಚೆನ್ನಾಗಿತ್ತು, ಸೇರುವುದು ಆಷಾಢದಲ್ಲಾದರೂ ಆಗಲಿ ಎಂದು ಚನ್ನಾಜಮ್ಮ ಮನಸ್ಸು ಗಟ್ಟಿ ಮಾಡಿಕೊಂಡರು.

ಮುಡುಕುತೊರೆಯ ಕಡೆಯಿಂದ ದಿನಾ ಓಡಾಡುವುದು ಆಗದ ಮಾತು. ಎರಡು ಬಸ್ಸು ಬದಲಾಯಿಸಿ ಬರುವ ಹೊತ್ತಿಗೆ ಇಲ್ಲಿ ಮಧ್ಯಾಹ್ನದ ಗಂಟೆ ಹೊಡೆದಿರುತ್ತದೆ. ಹುಡುಗಿ ನಂಜನಗೂಡಿನಲ್ಲೇ ಇರಬೇಕು. ಈ ಕಾಲದಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ, ಮನೆಗೇ ಬರಲಿ ಎಂದ ಅಮೃತೇಶ. ಚನ್ನಾಜಮ್ಮನವರಿಗೆ ಅದು ಆಗಲಿಲ್ಲ. ಒಮ್ಮೆ ಪ್ರಿನ್ಸಿಪಾಲರ ಮಾತು ಮೀರಿ ಹುಡುಗಿಯನ್ನು ಬೀದಿಗೆ ನಿಲ್ಲಿಸಿದ್ದಾಗಿದೆ, ಈಗ ಶಾಸ್ತ್ರ ಮೀರಿ ಅವಳಿಗೇನಾದರೂ ಆದರೆ ತಾನು ಬದುಕಿದ್ದೂ ದಂಡ ಎಂಬ ದಿಗಿಲು ಅವರಿಗೆ. ಸುದ್ದಿ ತಿಳಿದು ಚಾಮುಂಡಮ್ಮ ಬೀದಿ ದಾಟಿ ಬಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು:

"ನಮ್ಮನೇಲಿರ್ಲಿ ಬುಡಿ ಚನ್ನಾಜಮ್ನೋರೆ. ಜಗಲಿ ಅಂಗೇ ಅದೆ. ನೀವೂ ಇದ್ರಂತಲ್ಲ, ನಮ್ಮತ್ತೆ ಏಳೋರು."

ಚನ್ನಾಜಮ್ಮ ಎದುರಿನ ಜಗಲಿಯನ್ನು ನೋಡಿದರು. ಈಗ ಅದಕ್ಕೆ ಕೆಂಪು ಗಾರೆ ಹಾಕಿಸಿದ್ದರು, ಒಂದು ಕಂಬ ಹೊಸದು. ಹುಡುಗಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ಅಲ್ಲಿ ಕೂತಿರುವುದು, ಹೋಗಿಬರುವವರೆಲ್ಲ ನಿಂತು ವಿಚಾರಿಸುವುದು ಕಣ್ಣಿಗೆ ಕಟ್ಟಿತು. ಸೊಂಟದಿಂದ ಬೀಗದ ಕೈ ಗೊಂಚಲನ್ನು ಬಿಚ್ಚಿ ಗಲ್ಲಾಪೆಟ್ಟಿಗೆಯ ಮೇಲಿಟ್ಟರು.

"ಒಂದೇ ಒಸ್ಲು ದಾಟ್ಬಾರ್ದು ಅಂತ ತಾನೆ ಇರೋದು? ಸೊಸೇನೇ ಓಗ್ಬೇಕು ಅಂತ ಎಲ್ಲದೆ? ನಾನ್ ಓಯ್ತೀನಿ."

ಎಲ್ಲಿಗೆ ಎಂದು ಮಗ ಕೇಳಿದ.

"ಎಲ್ಲಿಗೆ ಅಂದ್ರೆ? ಆಸಾಡದಲ್ಲಿ ಎಣ್ಮಕ್ಳು ಎಲ್ಲಿಗ್ ಓದಾರು, ತವರ್ಗೆ."

ಒಮ್ಮೆ ತೀರ್ಮಾನವಾದ ಮೇಲೆ ಅವರ ದನಿ ವಾಪಸು ಬಂತು, ಬೀದಿಗೆಲ್ಲ ಕೇಳಿಸಿತು. ಅತ್ತೆ ಹೋದರೆ ಗಂಡ ಹೆಂಡತಿ ಒಂದೇ ಮನೆಯಲ್ಲಿ ಉಳಿದಂತಾಗುತ್ತದೆ, ಅದಕ್ಕೂ ಆಷಾಢ ಒಪ್ಪುವುದಿಲ್ಲ. ಹಾಗಾಗಿ ಅಮೃತೇಶನ ಹಾಸಿಗೆ ಅಂಗಡಿಗೆ ಹೋಯಿತು. ಊಟಕ್ಕೆ ಮನೆಗೆ ಬರಬಹುದು, ಉಂಡು ಕೈ ತೊಳೆದು ಹೊರಡಬೇಕು. ಹುಡುಗಿಯ ಜೊತೆಗೆ ಚಾಮುಂಡಮ್ಮ ಬಂದು ಮಲಗಬೇಕು. ಯಾವ ಡಬ್ಬಿಯಲ್ಲಿ ಏನಿದೆ, ಹಾಲಿನವನು ಎಷ್ಟು ನೀರು ಬೆರೆಸುತ್ತಾನೆ, ಬೆಳಿಗ್ಗೆ ಪ್ರಾಕ್ಟಿಕಲ್ಲು ಇದ್ದರೆ ಅಡುಗೆಗೆ ಕೂರಬಾರದು, ಅವಲಕ್ಕಿ ತಿಂದು ಹೋಗಬೇಕು, ಎಲ್ಲವನ್ನೂ ಚಾಮುಂಡಮ್ಮನಿಗೆ ಒಪ್ಪಿಸಿದರು. ಚಾಮುಂಡಮ್ಮ ತಲೆಯಾಡಿಸಿ ತಲೆಯಾಡಿಸಿ ಸುಸ್ತಾದರು.

ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಇನ್ನೊಂದು ತೊಡಕು ಎದುರಾಯಿತು. ಹದಿನಾರಿನ ಮೇಲೆ ಹೋಗುವ ಬಸ್ಸೇ ಟಿ. ನರಸೀಪುರದಿಂದ ನಯನಳನ್ನು ಕರೆತರುವ ಬಸ್ಸು. ಅದು ಬಂದು ಜನ ಇಳಿಸಿ ಮತ್ತೆ ಅದೇ ದಾರಿಯಲ್ಲಿ ತಿರುಗುವುದು. ಚನ್ನಾಜಮ್ಮ ಕಂಬದ ಮರೆಗೆ ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಬಸ್ಸಿನ ಮೆಟ್ಟಿಲೂ ಹೊಸ್ತಿಲಿನ ಲೆಕ್ಕವೇ ಎಂದು ಯೋಚಿಸಿದರು. ಲೆಕ್ಕವಿದ್ದರೂ ಇರಬಹುದು, ಯಾಕೆ ಬೇಕು ಎನ್ನಿಸಿತು. ಪುಣ್ಯಕ್ಕೆ ಅದು ಎರಡು ಬಾಗಿಲಿನ ಪ್ರೈವೇಟು ಬಸ್ಸು. ಹುಡುಗಿ ಮುಂದಿನ ಬಾಗಿಲಲ್ಲಿ ಇಳಿಯುತ್ತಿದ್ದಾಳೆ ಎಂದು ಅಮೃತೇಶ ಕೈಸನ್ನೆ ಮಾಡಿದ. ಇವರು ಮುಖ ತಿರುಗಿಸಿಕೊಂಡೇ ಹಿಂದಿನ ಬಾಗಿಲಿಗೆ ನಡೆದರು.

ಮಗಳ ಟ್ರಂಕು ಇಳಿಸಿದ ಪುಟ್ಟಬಸವಯ್ಯ ಅವರನ್ನು ಕಂಡು ಹಿಂದೆಯೇ ಬಂದರು. ಕಿಟಕಿಯ ಕೆಳಗೆ ನಿಂತು, "ನೀವು ಮನೆ ಬುಟ್ಟು..." ಎಂದರು.

"ಎಲೆ ಮೇಲೆ ಕೈ ಮಡಗಿದ್ನಲ್ಲ ಬೀಗ್ರೇ," ಎಂದರು ಚನ್ನಾಜಮ್ಮ.

ಬಸ್ಸು ಹೊರಟಿತು. ಒಂದೇ ಒಂದು ಸಲ ತಿರುಗಿ ನೋಡಬೇಕು ಎಂಬ ಆಸೆಯನ್ನು ಅವರು ನಂಜನಗೂಡು ದಾಟುವ ತನಕ ಅದುಮಿ ಹಿಡಿದರು.

ಹದಿನಾರಿನಲ್ಲಿ ಇಳಿದವರು ಬಸ್‌ಸ್ಟಾಪಿನಲ್ಲೇ ನಿಂತರು. ಮದುವೆಯಿಲ್ಲ ಸಾವಿಲ್ಲ, ಏನೆಂದು ಹೋಗುವುದು? ದೊಡ್ಡಸಿದ್ದಯ್ಯ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಮುದುಕನಾಗಿದ್ದ, ಕಣ್ಣು ಮಂಜಾಗಿತ್ತು. ಬಂದವರು ಯಾರೆಂದು ಅಂಗೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದ. ಚನ್ನಾಜಮ್ಮ ಚೀಲವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು.

"ಅಣ್ಣ, ಆಸಾಡಕ್ಕೆ ಬಂದಿವ್ನಿ."

ಆತನ ಕೈಯಲ್ಲಿದ್ದ ಹಗ್ಗ ನಿಂತಿತು. ಗೋಡೆ ಹಿಡಿದುಕೊಂಡು ಎದ್ದು, ಮೆಟ್ಟಿಲಿಳಿದು ಬಂದು ಅವರ ಚೀಲ ತೆಗೆದುಕೊಂಡ. "ಆವತ್ತು ನಾನು ಬರ್ಬೇಕಾಗಿತ್ತು ಕಣವ್ವ," ಎಂದ. "ಬಾ ಒಳೀಕೆ." ತಂಗಿಗೆ ಕೈಕಾಲಿಗೆ ನೀರು ಕೊಡಲು ಸೊಸೆಯನ್ನು ಕರೆಯದೆ ತಾನೇ ಚೊಂಬು ತಂದ.

ತವರಿನಲ್ಲಿ ಚನ್ನಾಜಮ್ಮನವರಿಗೆ ಮಾಡಲು ಕೆಲಸವಿರಲಿಲ್ಲ. ಕೈ ಪದೇ ಪದೇ ಸೊಂಟಕ್ಕೆ ಹೋಗುತ್ತಿತ್ತು, ಅಲ್ಲಿ ಗೊಂಚಲಿರುತ್ತಿರಲಿಲ್ಲ. ಅಣ್ಣನ ಸೊಸೆ ಬಡಿಸಿದ್ದನ್ನು ಉಂಡು, ಗದ್ದೆಯ ಬದುವಿನ ಮೇಲೆ ಅಡ್ಡಾಡಿ, ಅಣ್ಣನ ಜೊತೆ ಸತ್ತುಹೋದವರ ಸುದ್ದಿ ಮಾತಾಡಿದರು. ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಮಾತ್ರ ಮಾತು ನಿಲ್ಲಿಸಿ, ಈಗ ಹೊರಟಿರುತ್ತಾಳೆ, ಅವಲಕ್ಕಿ ತಿಂದಳೋ ಇಲ್ಲವೋ ಎನ್ನುತ್ತಿದ್ದರು. ಅಮೃತೇಶ ಒಮ್ಮೆ ಬಂದು ಅಡ್ಮಿಷನ್ ಆಯಿತು, ದಿನಾ ಹೋಗುತ್ತಿದ್ದಾಳೆ ಎಂದು ಹೇಳಿಹೋದ. ಅವನ ಅಂಗಿಯಲ್ಲಿ ಈಗ ಧೂಳಿರಲಿಲ್ಲ, ಅಂಗಡಿಯಲ್ಲಿ ಮಲಗಿ ಮಲಗಿ ಮೆಣಸಿನಕಾಯಿ ಘಾಟು ಹತ್ತಿತ್ತು.

ಅಮಾವಾಸ್ಯೆ ಕಳೆದು ಶ್ರಾವಣ ಹುಟ್ಟಿತು. ಚನ್ನಾಜಮ್ಮ ಮೊದಲ ಬಸ್ಸಿಗೇ ಹೊರಡಲು ಚೀಲ ಕಟ್ಟಿಕೊಂಡರು. ದೊಡ್ಡಸಿದ್ದಯ್ಯ ಒಂದು ಸೀರೆಯನ್ನು ತಂದು ಚೀಲದ ಮೇಲಿಟ್ಟು, ತಂಗಿಯನ್ನು ಅಲ್ಲೇ ಕೂರಿಸಿದ. ಆಷಾಢಕ್ಕೆ ಬಂದ ಹೆಣ್ಣುಮಗಳು ತಾನಾಗಿ ಹೋಗಕೂಡದು, ಗಂಡನ ಮನೆಯವರು ಕರೆಯಲು ಬರಬೇಕು ಎಂದು ಹಟ ಹಿಡಿದ. ತಾನು ಈ ವಯಸ್ಸಿನಲ್ಲಿ ಮದುಮಗಳೇ, ತನ್ನನ್ನು ಕರೆಯಲು ಯಾರು ಬರುತ್ತಾರೆ ಎಂದು ಚನ್ನಾಜಮ್ಮ ನಕ್ಕರು. ಆದರೂ ಮುದುಕನ ಮನಸ್ಸು ನೋಯಿಸಲಾರದೆ, ಇನ್ನೊಂದು ಬಸ್ಸು ನೋಡಿ ಹೊರಡುತ್ತೇನೆ ಎಂದು ಜಗಲಿಯ ಮೇಲೆ ಕೂತರು. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ಊಟದ ಹೊತ್ತಾಯಿತು.

ಆಮೇಲೆ ಬಂದ ಬಸ್ಸಿನಿಂದ ಒಬ್ಬ ಹುಡುಗಿ ಇಳಿದಳು. ಎದೆಗೆ ಪುಸ್ತಕ ಒತ್ತಿಕೊಂಡಿದ್ದಳು, ಇನ್ನೊಂದು ಕೈಯಲ್ಲಿ ಹಣ್ಣು ಕಾಯಿಯ ಚೀಲ. ರಸ್ತೆಯಲ್ಲಿ ನಿಂತಿದ್ದವರನ್ನು ಮನೆ ಯಾವುದೆಂದು ಕೇಳಿ, ಸೆರಗು ಸರಿ ಮಾಡಿಕೊಂಡು, ಇತ್ತ ನಡೆದು ಬಂದಳು. ಚನ್ನಾಜಮ್ಮ ಎದ್ದು ನಿಂತರು. ಅಭ್ಯಾಸಬಲದಿಂದ ಮುಖ ತಿರುಗಿಸಲು ಹೋಗಿ, ಶ್ರಾವಣ ಬಂತಲ್ಲ ಎಂದು ನೆನಪಾಗಿ ನೋಡಿದರು. ಹುಡುಗಿ ಸ್ವಲ್ಪ ಬಡವಾಗಿದ್ದಳು. ಬೆರಳುಗಳಲ್ಲಿ ಲ್ಯಾಬಿನ ಕಲೆಗಳಿದ್ದವು.

"ಕಾಲೇಜಿಲ್ವಾ ಇವತ್ತು?" ಎಂದರು.

"ಬೆಳಗಿನ ಕ್ಲಾಸ್ ಮುಗುಸ್ಕೊಂಡೇ ಬಂದೆ ಅತ್ತೆ." ನಯನ ಬಗ್ಗಿ ಕಾಲು ಮುಟ್ಟಿದಳು. "ಆಷಾಢ ಮುಗೀತಲ್ಲ, ಕರ್ಕೊಂಡೋಗಕ್ಕೆ ಬಂದಿದ್ದೀನಿ."

ಹಾಜರಿ ಮೊದಲೇ ಕಡಿಮೆ, ಮಧ್ಯಾಹ್ನದ ಪಾಠ ತಪ್ಪಿಸಬಹುದೇ ಎಂದು ಗದರಬೇಕೆಂದು ಚನ್ನಾಜಮ್ಮ ಬಾಯಿ ತೆರೆದರು. ಗದರಿಕೆ ಬರಲಿಲ್ಲ, ಅಳು ಬಂತು. ಗಂಡ ಸತ್ತಾಗಲೂ ನಾಲ್ಕು ಜನರೆದುರು ಅಳದಿದ್ದ ಹೆಂಗಸು ಅಣ್ಣನ ಮನೆಯ ಜಗಲಿಯ ಮೇಲೆ ನಿಂತು, ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಎಷ್ಟೋ ವರ್ಷದ ಹಿಂದೆ ದಿನಾ ಬೀದಿಯ ತುದಿ ನೋಡಿದ್ದು, ಯಾರೂ ಬಾರದೆ ಕಣ್ಣು ಸೋತದ್ದು, ಎಲ್ಲ ಸೇರಿ ಬಂತು. ದೊಡ್ಡಸಿದ್ದಯ್ಯ ಆ ಕಡೆ ತಿರುಗಿಕೊಂಡ. ನಯನ ಪುಸ್ತಕವನ್ನು ಜಗಲಿಯ ಮೇಲಿಟ್ಟು ಅತ್ತೆಯ ಕೈ ಹಿಡಿದುಕೊಂಡಳು.

ಊಟ ಮುಗಿಸಿ ಹೊರಟಾಗ ಚೀಲವನ್ನು ನಯನ ಹೊತ್ತಳು, ಅವಳ ಪುಸ್ತಕಗಳನ್ನು ಚನ್ನಾಜಮ್ಮ ಹಿಡಿದುಕೊಂಡರು. ಅದೇ ಪ್ರೈವೇಟು ಬಸ್ಸು ಬಂತು. ಹಿಂದಿನ ಬಾಗಿಲಲ್ಲಿ ಜಾಗವಿದೆ ಎಂದು ಕಂಡಕ್ಟರು ಕೂಗಿದ. ಚನ್ನಾಜಮ್ಮ ಅವನ ಮಾತಿಗೆ ಕಿವಿಗೊಡದೆ, ಸೊಸೆಯ ಹಿಂದೆಯೇ ಮುಂದಿನ ಬಾಗಿಲಲ್ಲಿ ಹತ್ತಿದರು.